ರಕ್ತ ನಿಲ್ಲಿಸುವ ಔಷಧಿ, ರಕ್ತ ತೆಳು ಮಾಡುವ ಇಂಜೆಕ್ಷನ್: ಎರಡೂ ಯಾಕೆ?

ಅಕ್ಕಾ ಅಂತ ಕರೆದಿದ್ದೀರಿ, ಅದೇ ಸಲುಗೆಯಲ್ಲಿ ಹೇಳ್ತೀನಿ. ತೂಕ ಇಳಿಸುವ ಸ್ಲೀವ್ ಆಪರೇಷನ್ನಿನಲ್ಲಿ ರಕ್ತ ಸೋರದ ಹಾಗೆ ಒಂದು ಔಷಧಿ, ಮನೆಗೆ ಬಂದ ಮೇಲೆ ರಕ್ತ ತೆಳು ಮಾಡುವ ಇಂಜೆಕ್ಷನ್ ಅಂದಿದ್ದಾರೆ, ಈ ಇಂಗ್ಲೆಂಡಿನ ಡಾಕ್ಟರುಗಳನ್ನು ನಂಬಲಾ, ಬೆಂಗಳೂರಿಗೇ ಹೋಗಿ ಮಾಡಿಸಿಕೊಳ್ಳಲಾ ಅಂತ ನಿಮ್ಮ ಪ್ರಶ್ನೆ.

ಆ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್. ಮುಟ್ಟಿನಲ್ಲಿ ಸ್ರಾವ ಜಾಸ್ತಿಯಾದರೆ ನಮ್ಮೂರ ಡಾಕ್ಟರು ಬರೆದುಕೊಡುವುದೂ ಇದನ್ನೇ. ಇದು ರಕ್ತವನ್ನು ಹೊಸದಾಗಿ ಹೆಪ್ಪುಗಟ್ಟಿಸುವುದಿಲ್ಲ. ಗಾಯದ ಹಕ್ಕಳೆ ಬೇಗ ಉದುರದಂತೆ ಕಾಯುವ ಹಾಗೆ, ಆಗಲೇ ಕಟ್ಟಿದ ಹೆಪ್ಪು ಕರಗದಂತೆ ತಡೆಯುತ್ತದೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗ ತೆಗೆದು, ಉದ್ದಕ್ಕೂ ಸ್ಟೇಪ್ಲರ್ ಹಾಕುತ್ತಾರಲ್ಲ, ರಕ್ತ ಜಿನುಗುವುದು ಹೆಚ್ಚಾಗಿ ಆ ಸಾಲಿನಿಂದ. ಔಷಧಿಯ ಪ್ರಭಾವ ಕೆಲವು ಗಂಟೆ ಅಷ್ಟೆ. ಇಂಜೆಕ್ಷನ್ನಿನ ಕೆಲಸ ಬೇರೆ: ತೂಕ ಹೆಚ್ಚಿರುವವರಿಗೆ ಆಪರೇಷನ್ ಆದಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ವಾರಗಟ್ಟಲೆ ಇರುತ್ತದೆ, ಅದಕ್ಕೆ.

2022ರಲ್ಲಿ ಪ್ರಕಟವಾದ ಪಾಯಿಸ್-3 ಅಧ್ಯಯನದಲ್ಲಿ, ಹೃದಯದ್ದು ಬಿಟ್ಟು ಬೇರೆ ಆಪರೇಷನ್ ಆದ ಒಂಬತ್ತೂವರೆ ಸಾವಿರ ಜನರಿದ್ದರು. ಗಂಭೀರ ರಕ್ತಸ್ರಾವ ಟ್ರಾನೆಕ್ಸಾಮಿಕ್ ಆಸಿಡ್ ಪಡೆದವರಲ್ಲಿ 9.1%, ಪಡೆಯದವರಲ್ಲಿ 11.7%. ಅದು ಸ್ಲೀವ್‌ಗೆಂದೇ ಮಾಡಿದ್ದಲ್ಲ. ಹಾಗಾಗಿ ಕೆಲವು ಸರ್ಜನ್‌ಗಳು ಎಲ್ಲರಿಗೂ ಕೊಡುತ್ತಾರೆ, ಕೆಲವರು ರಕ್ತ ಕಂಡರೆ ಮಾತ್ರ. ನಿಮ್ಮವರ ರೀತಿ ಏನು ಅಂತ ಕೇಳಿ, ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ನನಗೆ ಚಿಂತೆ ಇರುವುದು ಪ್ರೀ-ಆಪ್, ಅಂದರೆ ಆಪರೇಷನ್‌ಗೆ ಮುಂಚಿನ ತಪಾಸಣೆಯ ದಿನದ ಬಗ್ಗೆ. ನರ್ಸ್ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಟ್ಟು ಎದ್ದು ಬರುವುದು ನಮ್ಮವರ ಅಭ್ಯಾಸ. ಹಿಂದೆ ಕಾಲಿನಲ್ಲಿ ಹೆಪ್ಪುಗಟ್ಟಿತ್ತಾ, ಫಿಟ್ಸ್ ಬಂದಿತ್ತಾ, ಕಿಡ್ನಿ ತೊಂದರೆ ಇದೆಯಾ, ಗರ್ಭನಿರೋಧಕ ಮಾತ್ರೆ ತಗೋತೀರಾ, ಎಲ್ಲ ಹೇಳಿ. ಆಸ್ಪಿರಿನ್, ಮೀನೆಣ್ಣೆ ಕ್ಯಾಪ್ಸೂಲ್, ಅಮ್ಮ ಕಳಿಸಿದ ಚೂರ್ಣದ ಡಬ್ಬಿ ಕೂಡ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ ಬನ್ನಿ.

ಒಂದೆರಡು ರಾತ್ರಿಯಲ್ಲೇ ಮನೆಗೆ ಕಳಿಸುತ್ತಾರೆ. ರಕ್ತ ತೆಳು ಮಾಡುವ ಔಷಧಿ ತುಂಬಿದ ಸಿರಿಂಜುಗಳು, ಸೂಜಿ ಹಾಕಲು ಹಳದಿ ಡಬ್ಬ ಕೈಗೆ ಬರುತ್ತವೆ. ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಚುಚ್ಚಿಕೊಳ್ಳುವವರು ನೀವೇ. ಆಮೇಲೆ ಆ ಜಾಗ ಉಜ್ಜಬೇಡಿ.

ಬೆಂಗಳೂರಲ್ಲಿ ಒಳ್ಳೆಯ ಸರ್ಜನ್‌ಗಳಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ವಾಪಸ್ ಬಂದಮೇಲೆ ತೊಂದರೆಯಾದರೆ ನಿಮ್ಮ ಹೊಟ್ಟೆ ನೋಡಿದ ಡಾಕ್ಟರು ಹತ್ತಿರ ಇರಲ್ಲ. ನಾನಾದರೆ ಇಲ್ಲೇ ಮಾಡಿಸಿಕೊಳ್ಳುತ್ತಿದ್ದೆ. ರಕ್ತವಾಂತಿ, ಕಪ್ಪು ಮಲ, ತಲೆಸುತ್ತು, ಎದೆ ಡವಡವ, ಉಸಿರು ಕಟ್ಟುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ. ಪ್ರೀ-ಆಪ್‌ಗೆ ಜೊತೆಗೆ ಯಾರೂ ಇಲ್ಲದಿದ್ದರೆ ತಿಳಿಸಿ, ನಾನು ಬರ್ತೀನಿ.