ಕೈಕೆಲಸ ಕೇಳಿ: ಗಾಳದ ಹುಚ್ಚಿನವರಿಗೆ ಕಾಗದದ ಗಿಫ್ಟ್ ಕಾರ್ಡ್ ಲಕೋಟೆ

ಪ್ರಶ್ನೆ: ಭಾನುವಾರ ಬಂತೆಂದರೆ ನಮ್ಮ ಚಿಕ್ಕಪ್ಪ ಗಾಳದ ಕೋಲು ಹಿಡಿದು ಹೊಳೆದಂಡೆ ಸೇರುತ್ತಾರೆ. ಅವರ ಅರವತ್ತಕ್ಕೆ ಕ್ರೀಡಾ ಸಾಮಗ್ರಿ ಅಂಗಡಿಯ ಗಿಫ್ಟ್ ಕಾರ್ಡ್ ತಂದಿದ್ದೇವೆ. ಜೊತೆಗೆ ಬಂದ ಲಕೋಟೆ ತೀರಾ ಸಪ್ಪೆ. ಮನೆಯಲ್ಲೇ ಕಾಗದದಿಂದ ಒಂದನ್ನು ಮಾಡುವುದು ಹೇಗೆ? ಅಳತೆ ಸಮೇತ ತಿಳಿಸಿ.
— ಓದುಗರು, ಶಿವಮೊಗ್ಗ

ಉತ್ತರ: ಮುಚ್ಚಳದ ಮೇಲೆ ಗಾಳದ ಕೋಲು ಮತ್ತು ದಾರ ಸುತ್ತುವ ರೀಲು, ಜೇಬಿನ ಮೇಲೆ ಕಾಗದದ ಮೀನು; ಗಾಳದ ದಾರವನ್ನು ಮೀನಿಗೆ ಸುತ್ತಿ ಮುಚ್ಚುವ ಲಕೋಟೆ ಇದು. ಅಳತೆಯನ್ನು ಕಾರ್ಡಿನಿಂದ ಶುರು ಮಾಡಿ, ಕಾಗದದಿಂದಲ್ಲ. ಪ್ಲಾಸ್ಟಿಕ್ ಗಿಫ್ಟ್ ಕಾರ್ಡುಗಳು ಬಹುಪಾಲು ಎಟಿಎಂ ಕಾರ್ಡಿನ ಅಳತೆಯವೇ: ಉದ್ದ 85.6 ಮಿ.ಮೀ., ಅಗಲ 54 ಮಿ.ಮೀ., ದಪ್ಪ ಮುಕ್ಕಾಲು ಮಿ.ಮೀ. ನಿಮ್ಮದು ಬೇರೆ ಆಕಾರದ್ದಾದರೆ ಜೇಬಿನ ಒಳ ಅಗಲ ಕಾರ್ಡಿಗಿಂತ ಕನಿಷ್ಠ 3 ಮಿ.ಮೀ. ಹೆಚ್ಚಿರುವಂತೆ ಕೆಳಗಿನ ಲೆಕ್ಕ ಬದಲಿಸಿಕೊಳ್ಳಿ.

250 ಜಿಎಸ್‌ಎಂನ (ಚದರ ಮೀಟರಿಗೆ 250 ಗ್ರಾಂ ತೂಗುವ) ತಿಳಿನೀಲಿ ಎ4 ಹಾಳೆ ಒಂದು ಸಾಕು. ಅದನ್ನು ಉದ್ದಕ್ಕೆ ಸರಿಯಾಗಿ ಎರಡು ಸೀಳಿದರೆ 105 ಮಿ.ಮೀ. ಅಗಲದ ಎರಡು ಪಟ್ಟಿ. ಒಂದು ಲಕೋಟೆಗೆ, ಇನ್ನೊಂದು ಮೀನಿಗೂ ಚಿಲ್ಲರೆ ತುಂಡುಗಳಿಗೂ. ಲಕೋಟೆಯ ಪಟ್ಟಿಯನ್ನು 208 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಕೆಳ ಅಂಚಿನಿಂದ 45, 135 ಮತ್ತು 138 ಮಿ.ಮೀ.ಗೆ ಮಡಿಕೆಯ ಗೀರು ಹಾಕಿ. ಮೊದಲ 45 ಜೇಬು, ನಡುವಿನ 90 ಬೆನ್ನು, ಮೇಲಿನ 70 ಮುಚ್ಚಳ. 135ಕ್ಕೂ 138ಕ್ಕೂ ನಡುವಿನ 3 ಮಿ.ಮೀ. ಪಟ್ಟಿಯನ್ನು ಬಿಡಬೇಡಿ. ಅಲ್ಲಿ ಒಂದೇ ಮಡಿಕೆ ಇಟ್ಟರೆ ಕಾರ್ಡು ಒಳಗೆ ಹೋದಮೇಲೆ ಮುಚ್ಚಳ ಬಾಯಿ ಬಿಟ್ಟುಕೊಂಡೇ ಇರುತ್ತದೆ.

ಜೇಬಿನ ಭಾಗದಲ್ಲಿ ಎಡಬಲ ಅಂಚುಗಳಿಂದ ಒಂದೊಂದು ಮಿ.ಮೀ. ಸವರಿ ತೆಗೆಯಿರಿ, ಮಡಿಸಿದಾಗ ಬೆನ್ನಿನ ಆಚೆ ಇಣುಕುವುದಿಲ್ಲ. ಈಗ ಡಬಲ್ ಸೈಡ್ ಟೇಪ್. ಎಡವುವುದು ಹೆಚ್ಚಾಗಿ ಇಲ್ಲೇ. ಸ್ಟೇಷನರಿ ಅಂಗಡಿಯಲ್ಲಿ ಕೇಳಿದರೆ 12 ಮಿ.ಮೀ. ಅಗಲದ ಟೇಪ್ ಕೊಡುತ್ತಾರೆ. ಅದನ್ನು ಎರಡೂ ಅಂಚಿಗೆ ಅಂಟಿಸಿದರೆ 103 ಮಿ.ಮೀ. ಜೇಬಿನಲ್ಲಿ ಉಳಿಯುವುದು 79; ಕಾರ್ಡು ಒಳಗೆ ಇಳಿಯುವುದೇ ಇಲ್ಲ. 6 ಮಿ.ಮೀ. ಟೇಪ್ ಬಳಸಿದರೆ 91 ಉಳಿಯುತ್ತದೆ, ಕಾರ್ಡು ಸಲೀಸಾಗಿ ಆಡುತ್ತದೆ. ಸಣ್ಣ ಟೇಪ್ ಸಿಗದಿದ್ದರೆ ದೊಡ್ಡದನ್ನೇ ಉದ್ದಕ್ಕೆ ಸೀಳಿಕೊಳ್ಳಿ. ಆದರೆ ಈಗಲೇ ಜೇಬು ಅಂಟಿಸಬೇಡಿ. ಮೀನು ಮತ್ತು ರೀಲನ್ನು ಪಟ್ಟಿ ಬಿಡಿಯಾಗಿ ಚಪ್ಪಟೆ ಇರುವಾಗಲೇ ಕೂರಿಸಬೇಕು.

ಮುಚ್ಚಳದ ಮೇಲೆ 75 ಮಿ.ಮೀ. ಉದ್ದದ ತೆಂಗಿನಗರಿ ಕಡ್ಡಿಯನ್ನು ಓರೆಯಾಗಿ ಅಂಟಿಸಿ: ಬುಡ ಎಡಗಡೆ ಕೆಳಗೆ, ತುದಿ ಬಲಗಡೆ ಮೇಲೆ. ಅದೇ ಗಾಳದ ಕೋಲು. ತುದಿಗೆ ದಾರದ ಪುಟ್ಟ ಕುಣಿಕೆ ಕಟ್ಟಿ. ಬುಡದ ಹತ್ತಿರ ರೀಲು: 20 ಮಿ.ಮೀ. ವ್ಯಾಸದ ಕಪ್ಪು ಬಿಲ್ಲೆ, ಅದರ ಕೆಳಗೆ 10 ಮಿ.ಮೀ.ನ ಸಣ್ಣ ಬಿಲ್ಲೆ, ಎರಡರ ನಡುವಿನಿಂದ ಎರಡು ಕಾಲಿನ ಹಿತ್ತಾಳೆ ಬ್ರ್ಯಾಡ್ (ಕಾಗದದೊಳಗೆ ತೂರಿಸಿ ಹಿಂದೆ ಕಾಲು ಅಗಲಿಸುವ ಪಿನ್ನು). ಸಣ್ಣ ಬಿಲ್ಲೆ ಇಲ್ಲದಿದ್ದರೆ ದಾರ ಸುತ್ತಲು ಸಂದೇ ಸಿಗದು. 35 ಸೆಂ.ಮೀ. ಹತ್ತಿ ದಾರಕ್ಕೆ ಮೇಣ ಉಜ್ಜಿ ಒಂದು ತುದಿಯನ್ನು ಬ್ರ್ಯಾಡಿಗೆ ಗಂಟು ಹಾಕಿ, ಇನ್ನೊಂದನ್ನು ಕುಣಿಕೆಯೊಳಗಿಂದ ಇಳಿಬಿಡಿ. ಬ್ರ್ಯಾಡಿನ ಕಾಲುಗಳು ಮುಚ್ಚಳದ ಒಳಗಡೆ ಬರುತ್ತವೆ. ಅವುಗಳ ಮೇಲೆ ಕಾಗದದ ತೇಪೆ ಹಾಕದಿದ್ದರೆ ಕಾರ್ಡಿಗೆ ಗೀರು ಬೀಳುತ್ತದೆ.

ಮೀನು 70 ಮಿ.ಮೀ. ಉದ್ದ, ರೆಕ್ಕೆ ಸೇರಿ 26 ಮಿ.ಮೀ. ಎತ್ತರ. 12 ಮಿ.ಮೀ. ವ್ಯಾಸದ ಬಿಲ್ಲೆಗಳನ್ನು ನಾಲ್ಕರಂತೆ ಒಂದರ ಮೇಲೊಂದು ಅಂಟಿಸಿ ಎರಡು ದಿಂಡು ಮಾಡಿ. ತಲೆಯ ಕೆಳಗೊಂದು, ಬಾಲದ ಬುಡಕ್ಕೊಂದು. ಇವೆರಡರ ನಡುಬಿಂದು ಜೇಬಿನ ಕೆಳಮಡಿಕೆಯಿಂದ 10 ಮಿ.ಮೀ. ಮೇಲೆ ಬರಬೇಕು, ಬಾಯಿ ಬಲ ಅಂಚಿನಿಂದ 5 ಮಿ.ಮೀ. ಒಳಗಿರಲಿ. ಮುಚ್ಚಳ ಬೆನ್ನಿಗಿಂತ 20 ಮಿ.ಮೀ. ಗಿಡ್ಡವಾದ್ದರಿಂದ ಮುಚ್ಚಿದಾಗ ಜೇಬಿನ ಕೆಳಭಾಗ ನೀರಿನ ಪಟ್ಟಿಯಂತೆ ಕಾಣುತ್ತದೆ. ಮೀನಿನ ಬೆನ್ನು ಮಾತ್ರ ಮುಚ್ಚಳದ ಅಂಚಿನ ಮೇಲೆ ಸುಮಾರು 8 ಮಿ.ಮೀ. ಚಾಚಿರುತ್ತದೆ. ಅಂಚನ್ನು ಮೀನಿನ ಕೆಳಗೆ ತೂರಿಸಿ, ದಾರವನ್ನು ತಲೆಯ ದಿಂಡಿಗೆ ಎರಡು ಸುತ್ತು ಸುತ್ತಿ. ಕಚೇರಿಯ ಹಳೆಯ ದಾರದ ಲಕೋಟೆಗಳು ಮುಚ್ಚಿಕೊಳ್ಳುವುದೂ ಹೀಗೇ. ಬಿಚ್ಚಿದರೆ ಮೀನು ಗಾಳ ಬಿಡುತ್ತದೆ, ಕಾರ್ಡು ಕೈಗೆ ಬರುತ್ತದೆ.

ಮುಚ್ಚಳ ತೂರಿಸಿ ಸರಿಬಂದಿತೆಂದು ಖಾತ್ರಿಯಾದಮೇಲೆ ಜೇಬಿನ ಟೇಪ್ ಅಂಟಿಸಿ, ಹೆಚ್ಚಾದ ದಾರ ಕತ್ತರಿಸಿ.

ಪ್ರಶ್ನೆ: ಗಾಳಕ್ಕೆ ಬಳಸುವ ನೈಲಾನ್ ದಾರವನ್ನೇ ಹಾಕಿದರೆ ಇನ್ನೂ ನೈಜವಲ್ಲವೇ? ನಿಜವಾದ ಗಾಳದ ಕೊಕ್ಕೆಯನ್ನೂ ಸಿಕ್ಕಿಸಬಹುದೇ?
— ಓದುಗರು, ಉಡುಪಿ

ಉತ್ತರ: ನೈಲಾನಿಗೆ ಸುರುಳಿಯ ನೆನಪು ಜಾಸ್ತಿ. ಬಿಲ್ಲೆಗೆ ಸುತ್ತಿ ಕೈ ಬಿಟ್ಟ ಕೂಡಲೇ ತಾನೇ ಬಿಚ್ಚಿಕೊಳ್ಳುತ್ತದೆ, ಗಂಟೂ ಜಾರುತ್ತದೆ. ಹಾಕಲೇಬೇಕೆಂದಿದ್ದರೆ 0.20 ಮಿ.ಮೀ.ನ ತೆಳು ದಾರವನ್ನು ಕೋಲಿನ ಅಲಂಕಾರಕ್ಕಷ್ಟೇ ಬಳಸಿ, ಮುಚ್ಚುವ ಕೆಲಸವನ್ನು ಹತ್ತಿ ದಾರಕ್ಕೆ ಬಿಡಿ.

ನಿಜವಾದ ಕೊಕ್ಕೆ ಬೇಡ. ಮೊನೆ ಕತ್ತರಿಸಿದರೂ ಮುಳ್ಳು ಉಳಿದಿರುತ್ತದೆ. ಲಕೋಟೆ ತೆರೆಯುವವರ ಬೆರಳು ಸಿಕ್ಕಿಕೊಂಡೀತು, ಅಂಚೆಯಲ್ಲಿ ಕಳಿಸಿದರೆ ಹೊರ ಕವರನ್ನೂ ತೂರೀತು. ನಿಮ್ಮ ಕಡೆಯ ಮಳೆಗಾಲದಲ್ಲಿ ಅಗ್ಗದ ಕೊಕ್ಕೆ ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿಡುವುದಂತೂ ಖಂಡಿತ. ಬದಲಿಗೆ ಒಂದು ಜೆಮ್ ಕ್ಲಿಪ್ ಬಿಡಿಸಿ, ಇಕ್ಕಳದಲ್ಲಿ ಇಂಗ್ಲಿಷಿನ ಜೆ ಆಕಾರಕ್ಕೆ ಬಗ್ಗಿಸಿ, ಎರಡೂ ತುದಿಯನ್ನು ಉಗುರು ಉಜ್ಜುವ ಅರದಿಂದ ಮೊಂಡು ಮಾಡಿ. ಉಗುರಿನ ಪಾರದರ್ಶಕ ಬಣ್ಣ ಒಂದು ಕೈ ಹಚ್ಚಿದರೆ ತುಕ್ಕೂ ತಡವಾಗುತ್ತದೆ.

ಪ್ರಶ್ನೆ: ಗಿಫ್ಟ್ ಸಿಗುವವರು ಕಾವೇರಿಯ ಮಹಶೀರ್ ಎಂದರೆ ಪ್ರಾಣ ಬಿಡುವವರು. ಅದೇ ಮೀನು ಎಂದು ಗುರುತು ಹಿಡಿಯುವಂತೆ ಕಾಗದದಲ್ಲಿ ತೋರಿಸುವುದು ಹೇಗೆ?
— ಓದುಗರು, ಮಡಿಕೇರಿ

ಉತ್ತರ: ಗಾಳ ಹಾಕುವವರ ಕಣ್ಣು ಮೊದಲು ಹೋಗುವುದೇ ಮೀನಿನ ಮೇಲೆ. ಕಾರ್ಟೂನ್ ಮೀನು ಅಂಟಿಸಿದರೆ ಉಳಿದ ಶ್ರಮವೆಲ್ಲ ನೀರಿಗೆ. ಮಹಶೀರ್‌ಗೆ ಮುಖ್ಯ ಗುರುತು ದೊಡ್ಡ ಹುರುಪೆ, ದಪ್ಪ ತುಟಿ, ಬಾಯಿಯ ಬಳಿ ಎರಡು ಜೊತೆ ಮೀಸೆ, ಆಳವಾಗಿ ಕವಲೊಡೆದ ಬಾಲ. ಕಾವೇರಿಯ ಡುಬ್ಬದ ಮಹಶೀರ್‌ಗೆ ಇವುಗಳ ಜೊತೆ ತಲೆಯ ಹಿಂದೆ ಉಬ್ಬಿದ ಬೆನ್ನು, ಕಿತ್ತಳೆ ರೆಕ್ಕೆಗಳು. ಬೆನ್ನಿನ ಉಬ್ಬನ್ನು ಸ್ವಲ್ಪ ಹೆಚ್ಚೇ ಮಾಡಿ, 70 ಮಿ.ಮೀ. ಮೀನಿನಲ್ಲಿ ಸೂಕ್ಷ್ಮ ಉಬ್ಬು ಕಾಣುವುದಿಲ್ಲ.

ಹುರುಪೆಗೆ ಹಳೆಯ ಮದುವೆ ಕರೆಯೋಲೆಯ ಚಿನ್ನದ ಬಣ್ಣದ ಕಾಗದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆಫೀಸಿನ ಪಂಚಿಂಗ್ ಯಂತ್ರದಲ್ಲಿ ತೂತು ಹೊಡೆದರೆ ಸುಮಾರು 6 ಮಿ.ಮೀ.ನ ಚಕ್ರಗಳು ಉದುರುತ್ತವೆ. 50–60 ಬೇಕು. ಅಂಟಿಸುವುದು ಬಾಲದಿಂದ ತಲೆಯ ಕಡೆಗೆ, ಹೆಂಚು ಹೊದಿಸುವಾಗ ಸೂರಿನಂಚಿನಿಂದ ಮೇಲಕ್ಕೆ ಹೋದಂತೆ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧದಷ್ಟನ್ನು ಮುಚ್ಚಲಿ, ಸಾಲು ಬಿಟ್ಟು ಸಾಲು ಅರ್ಧ ಚಕ್ರ ಸರಿಯಲಿ. ತಲೆಯಿಂದ ಶುರು ಮಾಡಿದರೆ ಹುರುಪೆಯ ಬಿಡಿ ಅಂಚು ತಲೆಯತ್ತ ತಿರುಗಿ ಮೀನು ಉಲ್ಟಾ ಆಗುತ್ತದೆ. ಗೊತ್ತಿದ್ದವರಿಗೆ ತಕ್ಷಣ ತಿಳಿಯುತ್ತದೆ. ಅಂಟನ್ನು ಚಕ್ರದ ಒಂದು ಬದಿಗೆ ಮಾತ್ರ, ಟೂತ್‌ಪಿಕ್ ತುದಿಯಷ್ಟು ಹಚ್ಚಿ. ಇಡೀ ಚಕ್ರಕ್ಕೆ ಹಚ್ಚಿದರೆ ಹುರುಪೆ ಎದ್ದು ನಿಲ್ಲದೆ ಚಪ್ಪಟೆಯಾಗುತ್ತದೆ. ತಲೆಗೆ ಹುರುಪೆ ಬೇಡ, ನುಣುಪು ಕಾಗದವೇ ಸರಿ. ಮೀಸೆಗೆ 5 ಮಿ.ಮೀ. ದಾರದ ನಾಲ್ಕು ತುಂಡು. ಒಂದೇ ಬದಿ ಕಾಣುವುದರಿಂದ ಎರಡಾದರೂ ಸಾಕು.

ಡುಬ್ಬದ ಮಹಶೀರ್ 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯ ತೀವ್ರ ಅಳಿವಿನಂಚಿನ ಗುಂಪಿಗೆ ಸೇರಿದೆ. ಆದ್ದರಿಂದ ಬುಟ್ಟಿ, ಬಾಣಲೆಯ ಚಿತ್ರ ಬೇಡ. ದಾರ ಬಿಚ್ಚಿದರೆ ಮೀನು ಬಿಡುಗಡೆಯಾಗುವ ಮೇಲಿನ ವಿನ್ಯಾಸ ಇದಕ್ಕೆ ತಕ್ಕುದು.

ಕಡಲ ಮೀನು ಬೇಕೆಂದವರಿಗೂ ಒಂದು ಮಾತು. ಬಂಗುಡೆಗೆ ಚಕ್ರದ ಹುರುಪೆ ಹಾಕಬೇಡಿ. ಬೆಳ್ಳಿ ಕಾಗದದ ಮೇಲೆ ಬೆನ್ನುದ್ದಕ್ಕೂ ಕಪ್ಪುಗೆರೆ ಎಳೆದು, ಬಾಲದ ಮುಂದೆ ಮೇಲೂ ಕೆಳಗೂ ಐದೈದು ಪುಟ್ಟ ತ್ರಿಕೋನ ರೆಕ್ಕೆ ಕತ್ತರಿಸಿ. ಒಳನಾಡಿನ ಬಾಳೆಮೀನಿಗಂತೂ ಹುರುಪೆಯೇ ಇಲ್ಲ.

ಪ್ರಶ್ನೆ: ಎಷ್ಟು ಹುಷಾರಾಗಿ ಮಡಿಸಿದರೂ ಮಡಿಕೆಯಲ್ಲಿ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. ಅಂಟು ಒಣಗಿದ ಮೇಲೆ ಮುಚ್ಚಳ ಡೊಂಕಾಗುತ್ತದೆ. ಯಾಕೆ?
— ಓದುಗರು, ಧಾರವಾಡ

ಉತ್ತರ: ಎರಡಕ್ಕೂ ಕಾರಣ ಕಾಗದದ ನಾರು. ಯಂತ್ರದಲ್ಲಿ ತಯಾರಾದ ಕಾಗದದ ನಾರು ಒಂದು ದಿಕ್ಕಿಗೆ ಮಲಗಿರುತ್ತದೆ. ಎ4 ಹಾಳೆಯಲ್ಲಿ ಸಾಮಾನ್ಯವಾಗಿ ಉದ್ದಕ್ಕೆ. ನಮ್ಮ ಮಡಿಕೆಗಳು ಅಡ್ಡಕ್ಕೆ, ಅಂದರೆ ನಾರನ್ನೇ ಮುರಿಯುತ್ತೇವೆ. ದೊಡ್ಡ ಹಾಳೆ ಸಿಕ್ಕರೆ ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗುವ ದಿಕ್ಕಿಗೆ ಮಡಿಕೆ ಬರುವಂತೆ ಪಟ್ಟಿ ಕತ್ತರಿಸಿ. ಎ4 ಮಾತ್ರ ಇದ್ದರೆ ಮಸಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಒಂದೇ ಜಾಗದಲ್ಲಿ ಎರಡು ಮೂರು ಸಲ ಗೀರಿ. ಗೀರು ಹಾಕಿದ ಬದಿ ಹೊರಗೆ, ಹಿಂದೆ ಎದ್ದ ಏಣು ಮಡಿಕೆಯ ಒಳಗೆ ಬರಬೇಕು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಬ್ಲೇಡಿನಿಂದ ಗೀರಿದರೆ ನಾಲ್ಕು ಸಲ ತೆರೆಯುವಷ್ಟರಲ್ಲಿ ಮುಚ್ಚಳ ಕೈಗೆ ಬರುತ್ತದೆ.

ಡೊಂಕಾಗುವುದು ನೀರಿನಂಶದ ಬಿಳಿ ಅಂಟಿನಿಂದ. ನಾರು ನೀರು ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಒಣಗುತ್ತ ಕುಗ್ಗಿ ಎಳೆಯುತ್ತದೆ. ಅಗಲವಾದ ತುಂಡುಗಳಿಗೆ ಟೇಪ್, ಸಣ್ಣವಕ್ಕೆ ಮಾತ್ರ ಅಂಟು. ಆಗಲೇ ಡೊಂಕಾಗಿದ್ದರೆ ರೀಲು, ಮೀನು ಕೂರಿಸುವ ಮುನ್ನ ದಪ್ಪ ಪುಸ್ತಕಗಳಡಿ ಒಂದು ರಾತ್ರಿ ಇಡಿ. ಖಾದಿ ಅಂಗಡಿಯ ಕೈಕಾಗದ ಮಡಿಕೆಗೆ ಒಡೆಯುವುದು ಕಡಿಮೆ. ಆದರೆ ಅದರ ಮೇಲ್ಮೈ ನಾರುನಾರಾಗಿರುವುದರಿಂದ ಟೇಪ್ ಬೇಗ ಏಳುತ್ತದೆ. ಜೇಬಿನ ಅಂಚನ್ನು ದಾರದಲ್ಲಿ ಹೊಲಿಯುವುದೇ ವಾಸಿ.

ಪ್ರಶ್ನೆ: ಕಾರ್ಡಿನ ಬದಲು 501 ರೂಪಾಯಿ ಇಡಬಹುದೇ?
— ಓದುಗರು, ಮಂಡ್ಯ

ಉತ್ತರ: ಧಾರಾಳವಾಗಿ. ಈಗಿನ 500ರ ನೋಟು 150×66 ಮಿ.ಮೀ. ನಡುವೆ ಒಮ್ಮೆ ಮಡಿಸಿದರೆ 75×66, ಇದೇ ಜೇಬಿಗೆ ಹಿಡಿಸುತ್ತದೆ. ಅಂಟು, ಸ್ಟೇಪ್ಲರ್ ಪಿನ್ ಮುಟ್ಟಿಸಬೇಡಿ. ಒಂದು ರೂಪಾಯಿ ನಾಣ್ಯವನ್ನು ಜೇಬಿಗೇ ಹಾಕಿದರೆ ಮೂಲೆಗೆ ಜಾರಿ ಲಕೋಟೆ ಓರೆಯಾಗುತ್ತದೆ. 35 ಮಿ.ಮೀ. ಚೌಕದ ಪುಟ್ಟ ಚೀಲ ಮಾಡಿ, ಮೇಲೆ ಗಾಳದ ದಾರಕ್ಕೆ ಕಟ್ಟುವ ಕೆಂಪು-ಬಿಳಿ ಬೆಂಡಿನ ಚಿತ್ರ ಬರೆದು, ಮುಚ್ಚಳದ ಒಳಬದಿಗೆ ಅಂಟಿಸಿ.

ಪ್ರಶ್ನೆ: ದಾರದ ಬದಲು ಪುಟ್ಟ ಅಯಸ್ಕಾಂತದಿಂದ ಮುಚ್ಚಿದರೆ?
— ಓದುಗರು, ಬೆಂಗಳೂರು

ಉತ್ತರ: ಕಾರ್ಡಿನ ಹಿಂದೆ ಕಪ್ಪು ಪಟ್ಟಿ ಇದ್ದರೆ ಖಂಡಿತ ಬೇಡ. ಗಿಫ್ಟ್ ಕಾರ್ಡಿನ ಪಟ್ಟಿ ಸಾಮಾನ್ಯವಾಗಿ ಬ್ಯಾಂಕ್ ಕಾರ್ಡಿನದಕ್ಕಿಂತ ದುರ್ಬಲ. ಅಯಸ್ಕಾಂತ ತಗುಲಿದರೆ ಮಾಹಿತಿ ಅಳಿಸಿಹೋಗಬಹುದು. ಬರೀ ಕೆರೆದು ನೋಡುವ ಸಂಖ್ಯೆಯ ಕಾರ್ಡಾದರೆ ಅಡ್ಡಿಯಿಲ್ಲ, ಆದರೆ ಕೆರೆಯುವ ಜಾಗಕ್ಕೆ ಟೇಪ್ ತಾಗದಂತೆ ನೋಡಿಕೊಳ್ಳಿ. ಕಾರ್ಡಿನ ಕೊನೆಯ ದಿನಾಂಕವನ್ನು ಜೇಬಿನ ಮೇಲಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು, ಅಂಗಡಿಯ ರಸೀದಿಯನ್ನು ಕಾರ್ಡಿನ ಹಿಂದೆಯೇ ಇಡಿ.