1910ರ ‘ಫ್ರಾಂಕೆನ್‌ಸ್ಟೈನ್’ ಮೂಕಿಚಿತ್ರದಲ್ಲಿ ಮಿಂಚಿಲ್ಲ

ಎಡಿಸನ್ ಸ್ಟುಡಿಯೋದ 1910ರ ಮೂಕಿಚಿತ್ರದಲ್ಲಿಯೂ ಫ್ರಾಂಕೆನ್‌ಸ್ಟೈನ್ ಎಂಬ ವಿಜ್ಞಾನಿ ಸೃಷ್ಟಿಸುವ ವಿಕಾರಜೀವಿಗೆ ಮಿಂಚಿನಿಂದಲೇ ಪ್ರಾಣ ಬರುತ್ತದೆಯೇ ಎಂದು ತಾವು ಕೇಳಿದ್ದೀರಿ. ಇಲ್ಲ, ಆ ಪ್ರಸಿದ್ಧ ದೃಶ್ಯ 1931ರ ವಾಕ್ಚಿತ್ರದ್ದು. ಜೆ. ಸರ್ಲ್ ಡಾಲಿ ನಿರ್ದೇಶಿಸಿದ, ಕಾಲು ಗಂಟೆಯ ಆಸುಪಾಸಿನ 1910ರ ಚಿತ್ರದಲ್ಲಿ ಫ್ರಾಂಕೆನ್‌ಸ್ಟೈನ್ ದೊಡ್ಡ ಹಂಡೆಯೊಂದಕ್ಕೆ ರಾಸಾಯನಿಕಗಳನ್ನು ಸುರಿದು ಕದ ಮುಚ್ಚುತ್ತಾನೆ. ಒಳಗೆ ಬೆಂಕಿ, ಹೊಗೆಗಳ ನಡುವೆ ಅಸ್ಥಿಪಂಜರಕ್ಕೆ ಮೆಲ್ಲಮೆಲ್ಲನೆ ಮಾಂಸ ತುಂಬಿಕೊಳ್ಳುತ್ತದೆ. ಮನುಷ್ಯಾಕಾರದ ಬೊಂಬೆಯೊಂದು ಉರಿಯುವುದನ್ನು ಚಿತ್ರೀಕರಿಸಿ, ಆ ಭಾಗವನ್ನು ಹಿಮ್ಮುಖವಾಗಿ ತೋರಿಸಿದ್ದೇ ಇದರ ಗುಟ್ಟು (ಇಂದು ನೋಡಿದರೂ ಮೈ ಜುಮ್ಮೆನ್ನುತ್ತದೆ). 1818ರ ಮೂಲ ಕಾದಂಬರಿಯಲ್ಲಿ ಮೇರಿ ಶೆಲ್ಲಿ ಸೃಷ್ಟಿಯ ವಿಧಾನವನ್ನು ಬಿಡಿಸಿ ಹೇಳಿರಲಿಲ್ಲವಾದ್ದರಿಂದ ಇಂತಹ ಕಲ್ಪನೆಗೆ ಅವಕಾಶವಿತ್ತು. ಅಂತ್ಯ ಮಾತ್ರ ಮೂಲದಿಂದ ಬಹಳ ದೂರ: ಚಾರ್ಲ್ಸ್ ಓಗಲ್ ನಟಿಸಿದ ಆ ಜೀವಿ ಕನ್ನಡಿಯ ಮುಂದೆ ಮಾಯವಾಗಿ, ಉಳಿದ ಪ್ರತಿಬಿಂಬವು ಕೊನೆಗೆ ಫ್ರಾಂಕೆನ್‌ಸ್ಟೈನನದೇ ಬಿಂಬವಾಗಿಬಿಡುತ್ತದೆ.