ನಮ್ಮ ತೋಟದ ಅಕೇಶಿಯಾ, ಸಿಲ್ವರ್, ಲಂಟಾನದಲ್ಲಿ ಬಿಲ್ಲು ಮಾಡಲು ಆಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಸಕಲೇಶಪುರದ ಹತ್ತಿರ ತೋಟವಿದೆ, ಬಿಲ್ಲುವಿದ್ಯೆ ಕಲಿಯುವ ಆಸೆಯಿದೆ, ಬಿಲ್ಲನ್ನೂ ಕೈಯಾರೆ ಮಾಡಿಕೊಳ್ಳಬೇಕು. ಆದರೆ ವಿಡಿಯೊಗಳಲ್ಲಿ ಎಲ್ಲರೂ ಯೂ, ಆಸೇಜ್ ಆರೆಂಜ್ ಅಂತ ನಮ್ಮಲ್ಲಿ ಸಿಗದ ಮರಗಳ ಹೆಸರನ್ನೇ ಹೇಳುತ್ತಾರೆ. ತೋಟದಲ್ಲಿರುವುದು ಸಿಲ್ವರ್ ಓಕ್ ಮರ, ಬೇಲಿ ಪಕ್ಕ ಅಕೇಶಿಯಾ, ಗೊಬ್ಬರದ ಗಿಡ, ಮತ್ತೆ ಎಷ್ಟು ಕಡಿದರೂ ಮುಗಿಯದ ಲಂಟಾನ. ಇದರಲ್ಲಿ ಏನಾದರೂ ಆಗುತ್ತದೆಯೇ?

ಆಗುತ್ತದೆ. ಅಕೇಶಿಯಾದಲ್ಲಿ ಒಳ್ಳೆಯ ಬಿಲ್ಲೇ ಆಗುತ್ತದೆ, ಲಂಟಾನ ಬಾಣಕ್ಕೆ ಬರುತ್ತದೆ, ಸಿಲ್ವರ್ ಬಿಟ್ಟುಬಿಡಿ. ಅವಸರ ಇದ್ದವರಿಗೆ ಇಷ್ಟು ಸಾಕು. ನಾನು ಮೂಡಿಗೆರೆ ಕಡೆಯವನು, ಬಿಡುವಿದ್ದಾಗ ಇದೇ ಕೆಲಸ ಮಾಡುವವನು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆ ಯೂ ಮರದ ಭ್ರಮೆ ಬಿಡಿಸುತ್ತೇನೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ಸಿಕ್ಕಿವೆ, ನಿಜ. ಆದರೆ ಆ ಮರ ಇಂಗ್ಲಿಷರಿಗೇ ಸಾಲುತ್ತಿರಲಿಲ್ಲ. ಹೊರದೇಶದ ಸರಕು ತರುವ ಹಡಗುಗಳು ಬಿಲ್ಲಿನ ಮರವನ್ನೂ ತರಲೇಬೇಕೆಂದು 1472ರಲ್ಲಿ ಕಾನೂನು ಮಾಡಿದರು. ಸಾಮಾನ್ಯರಿಗೆ ಎಲ್ಮ್, ಆಶ್ ಮರದ ಬಿಲ್ಲುಗಳೂ ಇದ್ದವು. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಲ್ಲಿ ಸಿಕ್ಕ ಸುಮಾರು 9000 ವರ್ಷ ಹಳೆಯ ಬಿಲ್ಲು ಎಲ್ಮ್ ಮರದ್ದು. ಅದರ ತೋಳು, ಅಂದರೆ ಹಿಡಿಯ ಎರಡೂ ಪಕ್ಕ ಬಗ್ಗುವ ಭಾಗ, ಅಗಲ ಮತ್ತು ಚಪ್ಪಟೆ. ನಮಗೆ ಬೇಕಾದ ಪಾಠ ಆ ಆಕಾರದಲ್ಲಿದೆ. ಯೂ ಮರಕ್ಕೆ ಹೊಂದುವ ಸಣ್ಣ, ದಪ್ಪ, ದುಂಡನೆಯ ತೋಳನ್ನು ಬೇರೆ ಮರದಲ್ಲಿ ಮಾಡಲು ಹೋದರೆ ಅದು ಮುರಿಯುತ್ತದೆ, ಇಲ್ಲವೇ ಬಗ್ಗಿದ್ದು ಹಾಗೇ ನಿಂತುಬಿಡುತ್ತದೆ. ಅದೇ ಮರದಲ್ಲಿ ಅಗಲವಾಗಿ, ತೆಳ್ಳಗೆ, ಕೊಂಚ ಉದ್ದವಾಗಿ ಮಾಡಿದರೆ ಬಾಳುತ್ತದೆ.

ಇದರ ಹಿಂದಿನ ಲೆಕ್ಕ ಹೀಗಿದೆ. ತೋಳಿನ ಅಗಲ ಎರಡು ಪಟ್ಟು ಮಾಡಿದರೆ ಬಿಗಿ ಎರಡು ಪಟ್ಟಾಗುತ್ತದೆ. ದಪ್ಪ ಎರಡು ಪಟ್ಟು ಮಾಡಿದರೆ ಎಂಟು ಪಟ್ಟಾಗುತ್ತದೆ. ಹಾಗೆಂದು ದಪ್ಪ ಇಟ್ಟು ಬಲ ಗಿಟ್ಟಿಸಲು ಹೋಗಬೇಡಿ, ಏಕೆಂದರೆ ದಪ್ಪ ತೋಳು ಅಷ್ಟೇ ಬಗ್ಗುವಾಗಲೂ ಅದರ ಹೊರಮೈ ಹೆಚ್ಚು ಹಿಗ್ಗಬೇಕು, ಒಳಮೈ ಹೆಚ್ಚು ಕುಗ್ಗಬೇಕು. ಮರಕ್ಕೆ ಅದು ತಡೆಯುವುದಿಲ್ಲ. ಮರ ಸಾಧಾರಣವಾದಷ್ಟೂ ತೋಳು ಅಗಲವಾಗಲಿ, ಬಿಲ್ಲು ಉದ್ದವಾಗಲಿ. 28 ಇಂಚು ಎಳೆಯುವವರಿಗೆ 66ರಿಂದ 68 ಇಂಚಿನ ಬಿಲ್ಲು ಸರಿ. ಮೊದಲ ಬಿಲ್ಲಿನ ತೂಕ, ಅಂದರೆ ಅದನ್ನು ಪೂರ್ತಿ ಎಳೆಯಲು ಬೇಕಾಗುವ ಬಲ, 30 ಪೌಂಡಿನ ಆಸುಪಾಸು ಇದ್ದರೆ ಸಾಕು, 50ರ ಆಸೆ ಈಗಲೇ ಬೇಡ.

ಇನ್ನು ಮರಗಳು ಒಂದೊಂದಾಗಿ. ಅಕೇಶಿಯಾ ನೆಡುತೋಪುಗಳು ಮಲೆನಾಡಿನ ತುಂಬ ಇವೆ. ಆಸ್ಟ್ರೇಲಿಯಾ ಕಡೆಯ ಈ ಮರಕ್ಕೆ ಸೌದೆಯ ಬೆಲೆ ಬಿಟ್ಟರೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಬಿಡಿಯಾಗಿ ಬೆಳೆದದ್ದು ಸೊಟ್ಟಗೆ ಕವಲೊಡೆದಿರುತ್ತದೆ. ಒತ್ತಾಗಿ ಬೆಳೆದ ಸಾಲಿನಲ್ಲಿ ನೆಟ್ಟಗಿನ ಕಾಂಡ ಸಿಗುತ್ತದೆ. ತೊಡೆಯಷ್ಟು ದಪ್ಪದ, ಆರಡಿಯವರೆಗೆ ಗಂಟಿಲ್ಲದ ತುಂಡು ನೋಡಿ. ತೊಗಟೆಯ ಗೆರೆಗಳು ತಿರುಚಿಕೊಂಡು ಏರಿದ್ದರೆ ಒಳಗಿನ ಎಳೆಯೂ ತಿರುಚಿರುತ್ತದೆ, ಅದನ್ನು ಒಲೆಗೆ ಬಿಡಿ. ಸಾಮಿಲ್‌ಗೆ ಒಯ್ಯಬೇಡಿ. ಗರಗಸ ಎಳೆ ನೋಡಿ ಕೊಯ್ಯುವುದಿಲ್ಲ, ತನ್ನ ಗೆರೆಯಲ್ಲಿ ಕೊಯ್ಯುತ್ತದೆ. ಬೆಣೆ ಹೊಡೆದು ಸೀಳಿ, ಮರ ತನ್ನ ಎಳೆಯ ಜೊತೆಗೇ ಸೀಳಿಕೊಳ್ಳಲಿ. ಹಿಡಿಯ ಪಕ್ಕದಿಂದ ತೋಳಿನ ಅರ್ಧದವರೆಗೆ ಎರಡು ಇಂಚು ಅಗಲ, ಅಲ್ಲಿಂದ ತುದಿಗೆ ಹೋಗುತ್ತ ಅರ್ಧ ಇಂಚು. ಈ ಅಳತೆಯಲ್ಲಿ ಅಕೇಶಿಯಾ ಮೋಸ ಮಾಡುವುದಿಲ್ಲ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಇದರ ಪುಡಿ ಗಂಟಲಿಗೆ ಆಗದು.

ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಸೊಪ್ಪಿಗೆಂದು ವರ್ಷ ವರ್ಷ ಸವರಿಸಿಕೊಂಡು ಗಂಟು ಗಂಟಾಗಿರುತ್ತದೆ. ಬೇಲಿಯಲ್ಲಿ ಯಾರೂ ಮುಟ್ಟದೆ ಬಲಿತ ಹಳೆಯ ಕಾಂಡ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ. ಅದರ ಚೇಗು ಗಟ್ಟಿ, ಬಾಳಿಕೆ ಚೆನ್ನ. ಸೀಬೆ ಮರ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ: ನೆಟ್ಟಗಿನ ಸೀಬೆ ಕೊಂಬೆ ಕಂಡರೆ ಬಿಡಬೇಡಿ. ಕವಣೆಗೆ ಸೀಬೆಯ ಕವೆಯನ್ನೇ ಹುಡುಕುತ್ತಿದ್ದ ಹುಡುಗರಿಗೆ ಅದರ ಗುಣ ಗೊತ್ತಿತ್ತು. ಕಾಂಡಕೊರಕ ಬಿದ್ದು ಕಿತ್ತುಹಾಕಿದ ಅರೇಬಿಕಾ ಕಾಫಿ ಗಿಡದ ಕಾಂಡಗಳ ಮರ ಗಟ್ಟಿಯೇ ಹೌದು, ಆದರೆ ಒಳಗೆಲ್ಲ ಹುಳು ಕೊರೆದ ಸುರಂಗ, ಬಿಲ್ಲಿಗೆ ಬಾರದು.

ಸಿಲ್ವರ್ ಯಾಕೆ ಬೇಡ ಅಂದರೆ, ಅದು ಬೇಗ ಬೆಳೆದ ಹಗುರ ಮರ. ಬಗ್ಗಿಸಿದಾಗ ಎಚ್ಚರಿಕೆಯ ಸದ್ದೂ ಇಲ್ಲದೆ ಮುರಿಯುವ ಜಾತಿ. ಮೆಣಸು ಹಬ್ಬಿಸಲು ಇರಲಿ. ನೀಲಗಿರಿಯ ತೊಂದರೆ ತಿರುಚಿದ ಎಳೆ ಮತ್ತು ಒಣಗುವಾಗಿನ ಸೀಳು. ಯಾವ ಮರದ ಬಗ್ಗೆ ಅನುಮಾನವಿದ್ದರೂ ಒಂದು ಪರೀಕ್ಷೆ ಮಾಡಿ: ಬೆರಳಗಲದ ತೆಳ್ಳಗಿನ ಪಟ್ಟಿ ಸೀಳಿ, ಒಣಗಿಸಿ, ಮಂಡಿಗೆ ಕೊಟ್ಟು ಮುರಿಯಿರಿ. ಉದ್ದುದ್ದ ಸಿಬಿರೆದ್ದು, ಮುರಿಯಲು ಮನಸ್ಸಿಲ್ಲದಂತೆ ಎಳೆದಾಡಿದರೆ ಮರ ಒಳ್ಳೆಯದು. ಸೌತೆಕಾಯಿ ಮುರಿದಂತೆ ಅಡ್ಡಕ್ಕೆ ಪಟ್ಟನೆ ಮುರಿದರೆ ಬೇಡ. ಪುಸ್ತಕದ ಪಟ್ಟಿಗಳಿಗಿಂತ ಈ ಪರೀಕ್ಷೆಯನ್ನೇ ನಾನು ನಂಬುವುದು, ಏಕೆಂದರೆ ಒಂದೇ ಜಾತಿಯ ಎರಡು ಮರಗಳೂ ಒಂದೇ ಥರ ಇರುವುದಿಲ್ಲ.

ನಿಮ್ಮ ಸುತ್ತಮುತ್ತ ಇಲ್ಲದ, ಆದರೆ ಜಿಲ್ಲೆಯಲ್ಲೇ ಇರುವ ಇನ್ನೊಂದು ಇದೆ: ಬಳ್ಳಾರಿ ಜಾಲಿ. ಅರಸೀಕೆರೆ ಕಡೆ, ಇತ್ತ ಕಡೂರಿನ ಕಡೆ, ಕೆರೆ ಅಂಗಳಗಳನ್ನು ನುಂಗಿ ಕೂತಿರುವ ಮುಳ್ಳು. ಚುಚ್ಚಿದರೆ ದಿನಗಟ್ಟಲೆ ನೋವು ಬಿಡದು, ಆದರೆ ಮರ ಮಾತ್ರ ನಾನು ಹೇಳಿದ ಎಲ್ಲಕ್ಕಿಂತ ತೂಕದ್ದು, ಬಿಗಿಯಾದದ್ದು; ತೋಳು ಒಂದೂವರೆ ಇಂಚು ಅಗಲ ಇದ್ದರೂ ನಡೆಯುತ್ತದೆ. ಕಷ್ಟ ಏನೆಂದರೆ ಐದಡಿ ನೆಟ್ಟಗಿನ ತುಂಡು ಸಿಗುವುದೇ ಅಪರೂಪ. ಅದಕ್ಕೆ ಮೂರಡಿಯ ಎರಡು ತುಂಡು ಆರಿಸಿ, ಆದಷ್ಟು ಒಂದೇ ಕಾಂಡದ್ದು, ಹಿಡಿಯ ಜಾಗದಲ್ಲಿ ಮೀನಿನ ಬಾಲದ ಕೀಲು ಕತ್ತರಿಸಿ ಒಂದಕ್ಕೊಂದು ಕೂರಿಸಿ, ಎಪಾಕ್ಸಿ ಅಂಟು ಹಾಕಿ, ಮೇಲೆ ದಾರ ಸುತ್ತುವುದು. ಹಿಡಿಯ ಜಾಗ ಬಗ್ಗುವುದಿಲ್ಲವಾದ್ದರಿಂದ ಬೆಸುಗೆ ಅಲ್ಲಿ ಸುರಕ್ಷಿತ.

ವಿಡಿಯೊ ನೋಡಿ ಕಲಿಯುವವರು ಎಡವುವುದು ಇಲ್ಲಿ. ಬಿಲ್ಲಿನ ಬೆನ್ನು, ಅಂದರೆ ಗುರಿಯ ಕಡೆ ಇರುವ ಹೊರಮೈ, ಒಂದೇ ವಾರ್ಷಿಕ ಉಂಗುರದ ಮೇಲೆ ಹೋಗಬೇಕು ಎಂದು ಅಮೆರಿಕದವರು ಹೇಳುತ್ತಾರೆ. ಅವರ ಮರಗಳಲ್ಲಿ ಚಳಿಗಾಲಕ್ಕೆ ಬೆಳವಣಿಗೆ ನಿಂತು ಉಂಗುರ ಢಾಳಾಗಿ ಕಾಣುತ್ತದೆ. ನಮ್ಮ ಮರಗಳಲ್ಲಿ ಬಹುಪಾಲು ಹಾಗೆ ಕಾಣುವುದಿಲ್ಲ, ಹುಡುಕುತ್ತ ಹೋದರೆ ಮರವೇ ಮುಗಿಯುತ್ತದೆ. ಸುಲಭದ ದಾರಿ ತೊಗಟೆಯ ಕೆಳಗಿನ ಮೈಯನ್ನೇ ಬೆನ್ನಾಗಿ ಇಟ್ಟುಕೊಳ್ಳುವುದು. ಅದು ಮರ ತಾನೇ ಮಾಡಿಟ್ಟ ಅಖಂಡ ಮೈ. ತೊಗಟೆ ಬಿಡಿಸಿದ ಮೇಲೆ ಅಲ್ಲಿಗೆ ಕತ್ತಿ ತಾಗಿಸಬೇಡಿ. ಗಂಟಿದ್ದರೆ ಅದರ ಸುತ್ತ ಸ್ವಲ್ಪ ಉಬ್ಬು ಹಾಗೇ ಉಳಿಯಲಿ. ಕೆತ್ತುವುದೆಲ್ಲ ಒಳಮೈಯಿಂದ, ಅಂದರೆ ನಿಮ್ಮ ಮುಖದ ಕಡೆ ಬರುವ ಹೊಟ್ಟೆಯಿಂದ.

ಒಣಗಿಸುವುದರ ಬಗ್ಗೆ ನಮ್ಮ ಕಡೆಯವರಿಗೆ ಹೆಚ್ಚು ಹೇಳಬೇಕು, ಯಾಕೆಂದರೆ ಮಲೆನಾಡಿನಲ್ಲಿ ಬಿಲ್ಲು ಕೆಡುವುದು ಹೆಚ್ಚಾಗಿ ತೇವದಿಂದ. ಮರ ಕಡಿಯುವುದು ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್ ಜನವರಿಯಲ್ಲಿ. ಕಡಿದ ದಿನವೇ ಎರಡೂ ತುದಿಗೆ ಪೇಂಟೋ ಫೆವಿಕಾಲೋ ದಪ್ಪಗೆ ಬಳಿಯಿರಿ, ಇಲ್ಲದಿದ್ದರೆ ತುದಿಯಿಂದ ಸೀಳು ಬಿಡುತ್ತದೆ. ತೊಗಟೆ ಸಮೇತ ಇಟ್ಟರೆ ಕುಟ್ಟೆ ಹಿಡಿಯುತ್ತದೆ, ಆದ್ದರಿಂದ ತೊಗಟೆ ತೆಗೆದು ಬೆನ್ನಿಗೂ ಅಂಟು ಬಳಿಯಿರಿ. ಬಿಲ್ಲಿನ ಆಕಾರಕ್ಕೆ ಹತ್ತಿರ ಬರುವಷ್ಟು ಕೆತ್ತಿಟ್ಟರೆ ದಿಮ್ಮಿಗಿಂತ ಎಷ್ಟೋ ಬೇಗ ಒಣಗುತ್ತದೆ. ಬಿಸಿಲಲ್ಲಿ ಬೇಡ, ಗಾಳಿಯಾಡುವ ನೆರಳಲ್ಲಿ. ವಾರಕ್ಕೊಮ್ಮೆ ತೂಕ ಹಾಕಿ ಬರೆದಿಡಿ, ತೂಕ ಇಳಿಯುವುದು ನಿಂತರೆ ಸುತ್ತಲಿನ ಗಾಳಿಗೆ ಹೊಂದಿಕೊಂಡಿತು ಅಂತ. ಕಾಫಿ ಬೆಳೆಗಾರರಿಗೆ ಇದು ಹೊಸದಲ್ಲ: ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜವನ್ನು) ಶೇ. 10ರ ತೇವಕ್ಕೆ ತರುತ್ತೀರಲ್ಲ, ಬಿಲ್ಲಿನ ಮರಕ್ಕೂ ಅದೇ ಆಸುಪಾಸಿನ ಗುರಿ. ಹಸಿ ಇದ್ದರೆ ಬಿಲ್ಲು ಬಗ್ಗಿದ್ದು ಹಾಗೇ ನಿಲ್ಲುತ್ತದೆ, ತೀರ ಒಣಗಿದರೆ ಮುರಿಯುತ್ತದೆ. ಕೊನೆಯ ಕೆತ್ತನೆ ಫೆಬ್ರವರಿ ಮಾರ್ಚ್‌ನಲ್ಲಿ ಮುಗಿಸಿ. ಜುಲೈನ ಧೋ ಮಳೆಯಲ್ಲಿ ಹದ ಮಾಡಿದ ಬಿಲ್ಲಿಗೆ ಬೇಸಿಗೆಯಲ್ಲಿ ಬೇರೆಯೇ ತೂಕ ಬರುತ್ತದೆ. ಮೈಗೆ ವಾರ್ನಿಷ್ ಅಥವಾ ಅರಗಿನ ಪಾಲಿಶ್ ಹಾಕಿ. ಬರೀ ಎಣ್ಣೆ ಹೊಳಪು ಕೊಡುತ್ತದೆಯೇ ಹೊರತು ಗಾಳಿಯ ತೇವ ತಡೆಯುವುದು ಕಡಿಮೆ.

ಹದ ಮಾಡುವುದೆಂದರೆ ಎರಡೂ ತೋಳು ಸಮನಾಗಿ ಬಗ್ಗುವಂತೆ ಮಾಡುವುದು. ಗೋಡೆಗೆ ಗೂಟ ಹೊಡೆದು ಹಿಡಿಯನ್ನು ಅದರ ಮೇಲೆ ಕೂರಿಸಿ, ಎರಡೂ ತುದಿಗೆ ಉದ್ದನೆಯ ದಾರ ಬಿಗಿದು, ಆ ದಾರಕ್ಕೆ ಹಗ್ಗ ಕಟ್ಟಿ ನೆಲದ ರಾಟೆಯ ಮೂಲಕ ತಂದು, ದೂರ ನಿಂತು ಎಳೆಯಿರಿ. ಕೊಕ್ಕೆಯ ತಕ್ಕಡಿ ನಡುವೆ ಇರಲಿ. ಮುಟ್ಟಬೇಕಾದ ತೂಕ 30 ಪೌಂಡ್ ಆದರೆ, ನಾಲ್ಕೇ ಇಂಚು ಬಗ್ಗಿದ್ದರೂ 30ಕ್ಕೆ ನಿಲ್ಲಿಸಿ. ಬಗ್ಗದೆ ಬಿಗಿಯಾಗಿರುವ ಕಡೆ ಕತ್ತಿಯ ಅಲಗಿನಿಂದ ಹೆರೆಯಿರಿ. ಹೆಚ್ಚು ಬಗ್ಗುವ ಜಾಗವನ್ನು ಮುಟ್ಟಲೇಬೇಡಿ. ಪ್ರತಿ ಸಲ ಹೆರೆದ ಮೇಲೆ ಇಪ್ಪತ್ತು ಮೂವತ್ತು ಸಲ ಮೆತ್ತಗೆ ಎಳೆದು ಬಿಟ್ಟು ಮತ್ತೆ ನೋಡಿ, ಮರ ಬದಲಾವಣೆಯನ್ನು ತಡವಾಗಿ ತೋರಿಸುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ನೋಡಿದರೆ ಕಣ್ಣಿಗೆ ಕಾಣದ ಓರೆಯೂ ಗೊತ್ತಾಗುತ್ತದೆ. ಬೆನ್ನಿನ ಬಗ್ಗೆ ಅಳುಕಿದ್ದರೆ ಮೇದರ ಹತ್ತಿರ ಬಲಿತ ಬಿದಿರಿನ ಸೀಳು ತಂದು, ಸಿಪ್ಪೆ ಹೊರಗೆ ಬರುವಂತೆ ತೆಳ್ಳಗೆ ಮಾಡಿ ಅಂಟಿಸಿ. ಗೆಣ್ಣುಗಳನ್ನು ಪೂರ್ತಿ ಸಪಾಟು ಮಾಡಬೇಡಿ. ಹೆದೆಗೆ ಪಾಲಿಯೆಸ್ಟರ್‌ನ ಡೇಕ್ರಾನ್ ದಾರ ಸಾಕು, ಚೂರೂ ಹಿಗ್ಗದ ಹೊಸ ದಾರಗಳು ಬರಿ ಮರದ ತುದಿಯನ್ನು ಸೀಳಬಹುದು.

ಲಂಟಾನದ ವಿಷಯ. 19ನೇ ಶತಮಾನದ ಮೊದಲಲ್ಲಿ ಹೂವಿನ ಗಿಡವೆಂದು ತಂದದ್ದು ಇವತ್ತು ಕಾಡನ್ನೇ ಮುಚ್ಚಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರಲ್ಲಿ ಕುರ್ಚಿ ಮೇಜು ಮಾಡುತ್ತಾರೆ. ನಮಗೆ ಬೇಕಾದ್ದು ನೆರಳಿನಲ್ಲಿ ಬೆಳಕು ಹುಡುಕಿ ನೆಟ್ಟಗೆ ಏರಿದ, ಕಿರುಬೆರಳಿಗಿಂತ ತುಸು ದಪ್ಪದ ಚಿಗುರು. ಮೂರಡಿ ಕತ್ತರಿಸಿ, ಮುಳ್ಳು ತೊಗಟೆ ಸವರಿ, ಹತ್ತಿಪ್ಪತ್ತನ್ನು ಬಿಗಿಯಾಗಿ ಕಂತೆ ಕಟ್ಟಿ ಒಣಗಿಸಿ. ಸೊಟ್ಟಗಿರುವುದನ್ನು ಕೆಂಡದ ಮೇಲೆ ಬಿಸಿ ಮಾಡಿ ಕೈಯಲ್ಲೇ ನೆಟ್ಟಗೆ ಮಾಡಬಹುದು. ಒಂದೇ ತೂಕ, ಒಂದೇ ಬಿಗುವಿನವನ್ನು ಜೋಡಿ ಮಾಡಿ, ಇಲ್ಲದಿದ್ದರೆ ಒಂದೊಂದು ಬಾಣ ಒಂದೊಂದು ದಿಕ್ಕು ಹಿಡಿಯುತ್ತದೆ. ಹಳ್ಳದ ದಂಡೆಯ ವಾಟೆ ಇದಕ್ಕಿಂತ ಹಗುರ, ಸಿಕ್ಕರೆ ಅದೂ ಆದೀತು.

ಕಾನೂನನ್ನೂ ಹೇಳಿಬಿಡುತ್ತೇನೆ. ಇದೆಲ್ಲ ಸ್ವಂತ ಜಮೀನಿನ ಮರಕ್ಕೆ ಮಾತ್ರ. ಅರಣ್ಯದೊಳಗಿಂದ ಲಂಟಾನದ ಕಡ್ಡಿಯನ್ನೂ ಅನುಮತಿಯಿಲ್ಲದೆ ತರಬೇಡಿ. ಸ್ವಂತ ಮರವನ್ನು ಬುಡಸಮೇತ ಕಡಿಯುವ ಮೊದಲೂ ಆ ಜಾತಿಗೆ ಪರವಾನಗಿ ಬೇಕೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ತಡಸಲು ಮರ ಬಿಲ್ಲಿಗೂ ಕೊಡಲಿ ಕಾವಿಗೂ ಹೆಸರಾದದ್ದು, ಆದರೆ ನಮ್ಮ ಕಾಡಿನ ಸ್ವಂತ ಮರ. ಗಾಳಿಗೆ ಬಿದ್ದ ಕೊಂಬೆ ತೋಟದಲ್ಲೇ ಸಿಕ್ಕರೆ ಪುಣ್ಯ, ಅದಕ್ಕಾಗಿ ನಿಂತ ಮರ ಉರುಳಿಸಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆಯುಧ ಎಂಬುದರ ಅರ್ಥದಲ್ಲಿ ಬಿಲ್ಲುಬಾಣವೂ ಸೇರಿದೆ. ಭದ್ರಾ ಅಭಯಾರಣ್ಯದ ಕಡೆ ಹೋಗುವಾಗ ಅದು ಜೀಪಿನ ಹಿಂದೆ ಬಿದ್ದಿದ್ದರೂ ಉತ್ತರ ಕೊಡಬೇಕಾದವರು ನೀವೇ. ಹಂದಿ, ಮಂಗ ಓಡಿಸಲು ಅಂತ ಯಾರಾದರೂ ಕೇಳಿದರೆ ಕೊಡಬೇಡಿ.

ಗುರಿಗೆ ಹಳೆ ಬಟ್ಟೆ ಗಿಡಿದು ತುಂಬಿದ ಕಾಫಿ ಚೀಲ ಸಾಕು. ಅದರ ಹಿಂದೆ ಮಣ್ಣಿನ ದರೆ ಇರುವ ಜಾಗ ನೋಡಿ, ತಪ್ಪಿದ ಬಾಣ ಗಿಡದ ಸಾಲಿನಲ್ಲಿ ಕೆಲಸ ಮಾಡುವವರ ಕಡೆ ಹೋಗದ ಹಾಗೆ.